ಸತ್ತವರ ಚಹಾ

ಸೋಫಾ ಅಕ್ಕನ ಜೊತೆ ಜಗಳವಾಡಿದೆ ಎಂದು ಹೇಳಿಕೊಳ್ಳುವವರು ಆ ಬೀದಿಯಲ್ಲಿ ಯಾರೂ ಸಿಗುವುದಿಲ್ಲ. ಹಳೆಯ ಸೋಫಾ, ಕುರ್ಚಿ, ದಿವಾನಗಳ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ಬಿಗಿದು, ಹತ್ತಿ ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವ ಅಂಗಡಿ ಅವಳದು. ಕೆಲಸ ಮಾಡುವಾಗ ಬಾಯಿ ತುಂಬ ಸಣ್ಣ ಮೊಳೆ ಕಚ್ಚಿಕೊಂಡಿರುವ ರೂಢಿ. ಹಾಗಾಗಿ ಗಿರಾಕಿ ಎಷ್ಟೇ ಕೂಗಾಡಿದರೂ ಎದುರು ಮಾತು ಬರುತ್ತಿರಲಿಲ್ಲ. ತಲೆಯಾಡಿಸುತ್ತಿದ್ದಳು, ಅಷ್ಟೆ. ಆ ತಲೆಯಾಡಿಸುವಿಕೆಯನ್ನು ಒಪ್ಪಿಗೆ ಎಂದು ತಿಳಿದವರು ಮುಂದೆ ಅನುಭವಿಸಿದರು.

ಬ್ಯಾಂಕಿನ ಮ್ಯಾನೇಜರ್ ಒಬ್ಬ ಹಾಗೆ ತಿಳಿದಿದ್ದ. ನಾಲ್ಕು ಜನರ ಎದುರು ಅವಳ ಹೊಲಿಗೆಯನ್ನು ಬೆರಳಲ್ಲಿ ಎಳೆದು ತೋರಿಸಿ, ಇದಕ್ಕಿಂತ ಚೆನ್ನಾಗಿ ನಮ್ಮಜ್ಜಿ ಗೋಣಿಚೀಲ ಹೊಲಿಯುತ್ತಿದ್ದಳು ಎಂದ. ಸೋಫಾ ಅಕ್ಕ ತಲೆಯಾಡಿಸಿ, ಬಿಚ್ಚಿ, ಮತ್ತೆ ಹೊಲಿದು ಕೊಟ್ಟಳು. ಸೋಫಾ ಕಣ್ಣಿಗೆ ಹಬ್ಬವಾಗಿತ್ತು. ಆದರೆ ನಡುವಿನ ಜಾಗದಲ್ಲಿ ಯಾರು ಕೂತರೂ ಅದು ಉದ್ದಕ್ಕೆ ಒಂದು ನಿಟ್ಟುಸಿರು ಬಿಡುತ್ತಿತ್ತು, ಕೂತವರ ಬಗ್ಗೆ ಎಲ್ಲ ಆಸೆ ಬಿಟ್ಟವರ ಹಾಗೆ. ಮ್ಯಾನೇಜರನ ಮಗಳನ್ನು ನೋಡಲು ಬಂದ ಬೀಗರಿಗೂ ಬಿಟ್ಟಿತು. ಬಡಗಿಗಳು ಬಂದರು, ಎಣ್ಣೆ ಬಿಟ್ಟರು, ಕೆಳಗೆ ಮಲಗಿ ಕಿವಿಗೊಟ್ಟರು. ಕೊನೆಗೆ ಅವನು ಅದನ್ನು ಹಳೆ ಸಾಮಾನಿನವನ ಗಾಡಿಗೆ ಏರಿಸಿ ಕೈತೊಳೆದುಕೊಂಡ. ಗಾಡಿ ಸುತ್ತಿ ಸುತ್ತಿ ಸೋಫಾ ಅಕ್ಕನ ಬಾಗಿಲಿಗೇ ಬಂತು. ಅವಳು ಒಳಗೆ ಕೈ ಹಾಕಿ ಒಂದು ಗಂಟು ಬಿಗಿದಳು. ನಿಟ್ಟುಸಿರು ನಿಂತಿತು. ಇವತ್ತಿಗೂ ಆ ಸೋಫಾ ಅವಳ ಅಂಗಡಿಯಲ್ಲೇ ಇದೆ, ಮಧ್ಯಾಹ್ನ ಅದರ ಮೇಲೆ ಅಡ್ಡಾಗುತ್ತಾಳೆ.

ಇಂಥವಳನ್ನು ಕೆಣಕುವ ಮುಂಚೆ ಯಾರಾದರೂ ವಿಚಾರಿಸಬೇಕಿತ್ತು. ಅವಳ ಭಾವ ವಿಚಾರಿಸಲಿಲ್ಲ. ಮನೆಯವರಲ್ಲವೇ, ಮನೆಯವರನ್ನು ಯಾರು ವಿಚಾರಿಸುತ್ತಾರೆ.

ಭಾವ ಎಂದರೆ ಅವಳ ಅಕ್ಕನ ಗಂಡ. ವಿಮಾ ಕಂಪನಿಗೆ ನಷ್ಟ ಅಂದಾಜು ಮಾಡುವವನು. ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು, ಮೂಗು ಜಜ್ಜಿಕೊಂಡ ಕಾರು ಎಲ್ಲವನ್ನೂ ಸುತ್ತು ಹಾಕಿ ನೋಡಿ, ಪರಿಹಾರ ಕೊಡದಿರಲು ಒಂದು ಕಾರಣ ಹುಡುಕುವುದು ಅವನ ಹೊಟ್ಟೆಪಾಡು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹುಡುಕುತ್ತಿದ್ದ. ಅಳುತ್ತ ಬಂದವರೂ ಹೋಗುವಾಗ ಅವನಿಗೇ ನಮಸ್ಕಾರ ಹೇಳಿ ಹೋಗುವಷ್ಟು ಮೃದುವಾದ ಮಾತು.

ಅವನಿಗೂ ಸೋಫಾ ಅಕ್ಕನಿಗೂ ನಡುವೆ ಬಂದದ್ದು ಆಸ್ತಿಯಲ್ಲ, ಆಟ. ಬೀದಿ ಕೊನೆಯ ಹಲ್ಲಿನ ಡಾಕ್ಟರು ತಮ್ಮ ಆಸ್ಪತ್ರೆ ಕುರ್ಚಿಗೆ ಹೊಸ ರೆಕ್ಸಿನ್ ಹಾಕಿಸಲು ಬಂದವರು, ಅಂಗಡಿಯ ನಡುವಿನ ಬಟ್ಟೆ ಕತ್ತರಿಸುವ ಮೇಜನ್ನು ಕಂಡು ನಿಂತುಬಿಟ್ಟರು. ಬಾಗಿಲಷ್ಟಗಲದ ಮೇಜು. ಇಷ್ಟು ದೊಡ್ಡ ಮೇಜಿನ ಮೇಲೆ ಬರೀ ಬಟ್ಟೆ ಕತ್ತರಿಸುವುದು ಮೇಜಿಗೆ ಮಾಡುವ ಅವಮಾನ ಎಂದು, ಮುಂದಿನ ಭಾನುವಾರ ಮಧ್ಯಾಹ್ನ ಒಂದು ಪೆಟ್ಟಿಗೆ ಹೊತ್ತು ಬಂದರು.

ಪೆಟ್ಟಿಗೆಯಲ್ಲಿದ್ದದ್ದು ಪಾತ್ರವಾಡುವ ಆಟ. ಒಬ್ಬ ಸೂತ್ರಧಾರ; ಮಿಕ್ಕವರೆಲ್ಲ ಒಂದೊಂದು ಪಾತ್ರ. ಎದುರಿಗೆ ಗುಹೆ ಇದೆ, ಒಳಗಿನಿಂದ ಗೊರಕೆ ಕೇಳುತ್ತಿದೆ, ಏನು ಮಾಡುತ್ತೀರಿ ಎಂದು ಸೂತ್ರಧಾರ ಕೇಳುತ್ತಾನೆ. ಒಬ್ಬರು ಒಳಗೆ ನುಗ್ಗುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಮರ ಹತ್ತುತ್ತೇನೆ ಎನ್ನುತ್ತಾರೆ. ಅಂದದ್ದು ನಡೆಯುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ಹೀಗೆ ವಾರದಿಂದ ವಾರಕ್ಕೆ ಒಂದು ಕಥೆ ಬೆಳೆಯುತ್ತದೆ, ಅದರ ಜೊತೆ ಒಂದು ರಾಜ್ಯ. ಹಲ್ಲಿನ ಡಾಕ್ಟರು ಕೊಡಲಿ ಹಿಡಿದ ಒಬ್ಬ ಒರಟನಾದರು; ವಾರವಿಡೀ ಜನರ ಬಾಯಿಗೆ ಮೆಲ್ಲನೆ ಕೈ ಹಾಕಿದ್ದರ ಸೇಡು ಅಲ್ಲಿ ತೀರುತ್ತಿತ್ತು. ಅಂಗಡಿ ಮುಂದಿನ ಸ್ಟಾಪಿನ ಬಸ್ ಡ್ರೈವರು ಕುದುರೆ ಸವಾರನಾದ. ಸೋಫಾ ಅಕ್ಕ ಹೊಳೆ ದಾಟಿಸುವ ಅಂಬಿಗಿತ್ತಿಯಾದಳು. ಭಾವ ಸುಟ್ಟ ಸೋಫಾವೊಂದರ ಬೆಲೆ ಕೇಳಲು ಬಂದವನು, ಸ್ವಲ್ಪ ಹೊತ್ತು ನಿಂತು ನೋಡಿ, ನಿಮ್ಮಲ್ಲಿ ಯಾರಿಗೂ ಕಟ್ಟುನಿಟ್ಟೇ ಇಲ್ಲವಲ್ಲ ಎಂದು ಸೂತ್ರಧಾರನ ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಏಳಲಿಲ್ಲ.

ಮೇಜಿನ ಮೇಲೆ ಸೋಫಾ ಅಕ್ಕ ದಪ್ಪ ಕ್ಯಾನ್ವಾಸು ಎಳೆದು ಬಡಿದಿದ್ದಳು. ಅದರ ಮೇಲೆ ಭಾವ ಬಣ್ಣದಲ್ಲಿ ರಾಜ್ಯದ ನಕ್ಷೆ ಬರೆದ. ಬೆಟ್ಟ, ಕಾಡು, ನಡುವೆ ಹೊಳೆ, ಅಂಗಡಿ ಮೂಲೆಯಲ್ಲಿದ್ದ ಚಹಾದ ಒಲೆಯ ಕಡೆಯ ಅಂಚಿಗೆ ರಾಜಧಾನಿ. ಆ ರಾಜಧಾನಿಯಲ್ಲಿ ಒಬ್ಬ ರಾಜ. ಸೂತ್ರಧಾರನಿಗೆ ಸ್ವಂತ ಪಾತ್ರ ಇರಬಾರದು ಎಂದು ಪೆಟ್ಟಿಗೆಯ ಪುಸ್ತಕ ಹೇಳುತ್ತಿತ್ತಂತೆ. ಭಾವ ಅದನ್ನು ಓದಿ, ಇದು ಸಲಹೆ ಅಷ್ಟೇ ಎಂದ. ಹೆಬ್ಬೆರಳಿನಷ್ಟೆತ್ತರದ ಸೀಸದ ರಾಜ, ಕೆಂಪು ನಿಲುವಂಗಿ, ಮೀಸೆ ಕೂಡ ಅವನೇ ಬರೆದದ್ದು. ಮೀಸೆ ಭಾವನ ಮೀಸೆಯ ಹಾಗೇ ಇತ್ತು.

ಕಟ್ಟುನಿಟ್ಟು ಎಂದನಲ್ಲ, ಅದು ಮನೆಕಟ್ಟಳೆಗಳ ರೂಪದಲ್ಲಿ ಬಂತು. ಪುಸ್ತಕದ ನಿಯಮ ಎಲ್ಲರಿಗೂ ಒಂದೇ. ಮನೆಕಟ್ಟಳೆ ಆ ಮೇಜಿಗೆ ಮಾತ್ರ. ಏನಾದರೂ ಎಡವಟ್ಟು ನಡೆದಾಗಲೆಲ್ಲ ಒಂದು ಹುಟ್ಟುತ್ತಿತ್ತು. ಸೋಫಾ ಅಕ್ಕ ಅದನ್ನು ಬಟ್ಟೆಯ ತುಂಡಿನ ಮೇಲೆ ದರ್ಜಿ ಸೀಮೆಸುಣ್ಣದಲ್ಲಿ ಬರೆದು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ದಾಳ ಮೇಜಿನಿಂದ ಕೆಳಗೆ ಬಿದ್ದರೆ ಆಡಿದವರ ಪಾತ್ರವೂ ತಾನಿರುವ ಜಾಗದಿಂದ ಕೆಳಗೆ ಬೀಳಬೇಕು. ಡ್ರೈವರಿಗೆ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ದೊಡ್ಡದಾಗಿ ಕೈ ಬೀಸುವ ಅಭ್ಯಾಸ. ಅವನ ಸವಾರ ಕುದುರೆಯ ಮೇಲಿದ್ದದ್ದಕ್ಕಿಂತ ನೆಲದ ಮೇಲಿದ್ದದ್ದೇ ಹೆಚ್ಚು. ತಡವಾಗಿ ಬಂದವರ ಪಾತ್ರ ಆ ದಿನ ಕತ್ತೆಯ ಮೇಲೆ ಬರಬೇಕು. ಮೇಜಿನಲ್ಲಿ ಆಡಿದ ಮಾತೆಲ್ಲ ಪಾತ್ರದ ಮಾತು, ವಾಪಸ್ ಇಲ್ಲ. ಹಲ್ಲಿನ ಡಾಕ್ಟರು ಒಮ್ಮೆ ಫೋನಿನಲ್ಲಿ ಹೆಂಡತಿಗೆ, ಆಯ್ತು ಬರ್ತಾ ಹಾಲು ತರ್ತೀನಿ ಎಂದರು. ಆ ಕ್ಷಣಕ್ಕೆ ಅವರ ಎದುರಿಗಿದ್ದದ್ದು ಗುಹೆಯ ರಾಕ್ಷಸಿ. ಅಂದಿನಿಂದ ಒರಟ ಎಲ್ಲಿಗೆ ಹೋದರೂ ಆ ರಾಕ್ಷಸಿಗೆ ಹಾಲು ತಲುಪಿಸಿಯೇ ಮುಂದಕ್ಕೆ ಹೋಗಬೇಕು.

ಇನ್ನೊಂದು ಕಟ್ಟಳೆ: ನಕ್ಷೆಯ ಮೇಲೆ ಏನು ಬಿದ್ದರೂ ಅದು ರಾಜ್ಯದೊಳಗೆ ಬಿದ್ದ ಹಾಗೆ. ಬಿಸ್ಕತ್ತಿನ ಚೂರು ಬಿದ್ದರೆ ಬಂಡೆ. ಅಂಗಿಯ ಗುಂಡಿ ಬಿದ್ದರೆ ಬಾವಿ. ಡಾಕ್ಟರು ಸೀನಿದ್ದು ಸುಂಟರಗಾಳಿಯಾಗಿ ಒಂದು ಹಳ್ಳಿ ಹಾರಿಹೋಗಿತ್ತು.

ಕೊನೆಯ ಕಟ್ಟಳೆ ಸತ್ತವರದು. ಪಾತ್ರ ಸತ್ತರೆ ಆಡುತ್ತಿದ್ದವರು ಎದ್ದು ಹೋಗಿ ಮೂಲೆಯ ಒಲೆಯ ಹತ್ತಿರ ನಿಂತು ಎಲ್ಲರಿಗೂ ಚಹಾ ಮಾಡಬೇಕು. ಇನ್ನೊಬ್ಬರು ಸಾಯುವ ತನಕ. ಆಗ ಮಾತ್ರ ಅವರು ಮರಳಿ ಬಂದು, ಹೊಸದಾಗಿ ಸತ್ತವರ ಕುರ್ಚಿಯಲ್ಲೇ ಕೂರಬೇಕು. ಅಲ್ಲಿಯವರೆಗೆ ಸತ್ತವರು ಆಟದ ಮಾತು ಆಡುವಂತಿಲ್ಲ, ಚಹಾದ ಮಾತು ಮಾತ್ರ ಆಡಬಹುದು. ಅಂಗಡಿ ನನ್ನದು, ಒಲೆ ನನ್ನದು, ನನಗಾದರೂ ಇದರಿಂದ ರಿಯಾಯಿತಿ ಇರಲಿ ಎಂದು ಸೋಫಾ ಅಕ್ಕ ಒಂದು ಸಲ ಕೇಳಿದ್ದಳು. ಭಾವ ಎದೆಯುಬ್ಬಿಸಿ, ಕಟ್ಟಳೆ ಎಂದ ಮೇಲೆ ಮೇಜಿಗೆ ಕೂತ ಎಲ್ಲರಿಗೂ ಒಂದೇ, ನನಗೂ ಸೇರಿ ಎಂದಿದ್ದ. ಅವಳು ತಲೆಯಾಡಿಸಿದ್ದಳು. ಆ ಮಾತನ್ನೂ ಬಟ್ಟೆಯ ಮೇಲೆ ಬರೆದು ಮೊಳೆ ಹೊಡೆದಿದ್ದಳು.

ಅವಳ ಅಂಬಿಗಿತ್ತಿ ಯುದ್ಧಕ್ಕೆ ಹೋದವಳಲ್ಲ, ನಿಧಿ ಹುಡುಕಿದವಳಲ್ಲ. ಉಳಿದವರು ರಾಕ್ಷಸರ ಹಿಂದೆ ಓಡುತ್ತಿದ್ದಾಗ ಅವಳು ಸದ್ದಿಲ್ಲದೆ ಹೊಳೆಯ ಒಂದೊಂದೇ ಕಡವನ್ನು, ಎಂದರೆ ದೋಣಿ ದಾಟುವ ಜಾಗವನ್ನು, ತನ್ನದು ಮಾಡಿಕೊಂಡಳು. ಕೊನೆಗೆ ಆ ರಾಜ್ಯದಲ್ಲಿ ಅವಳ ದೋಣಿಯಿಲ್ಲದೆ ಒಂದು ಮೇಕೆ ಕೂಡ ಆಚೆ ದಡ ಸೇರುವಂತಿರಲಿಲ್ಲ. ದಾಟಲು ಅವಳು ಕೇಳುತ್ತಿದ್ದದ್ದು ಹಣವಲ್ಲ. ದೋಣಿ ಹತ್ತಿದವರು ಯಾರೇ ಆಗಲಿ, ಒಂದು ಹುಟ್ಟು ಹಿಡಿದು ತಾವೇ ಹಾಕಬೇಕು. ಒರಟ ಹಾಕಿದ, ಸವಾರ ಹಾಕಿದ, ಮಂತ್ರಿಗಳು ಹಾಕಿದರು. ವರ್ಷಗಟ್ಟಲೆ ಇತರರ ಬೆನ್ನಿಗೆ ಮೆತ್ತೆ ಹೊಲಿದ ಹೆಂಗಸಿಗೆ, ಜನ ಬೆನ್ನು ಬಗ್ಗಿಸುವುದನ್ನು ನೋಡುವ ಆಸೆ ಇದ್ದರೆ ತಪ್ಪೇನು.

ಒಂದು ಭಾನುವಾರ ರಾಜನೇ ದಂಡು ಕಟ್ಟಿಕೊಂಡು ಹೊಳೆಯ ದಡಕ್ಕೆ ಬಂದ. ರಾಜಧಾನಿಗೆ ಮರಳಬೇಕಿತ್ತು. ಭಾವ ಗಂಟಲು ಸರಿಮಾಡಿಕೊಂಡು, ಮಹಾರಾಜರು ದೋಣಿಗೆ ದಯಮಾಡಿಸುತ್ತಿದ್ದಾರೆ ಎಂದ.

“ದಯಮಾಡಿಸ್ಲಿ” ಎಂದಳು ಸೋಫಾ ಅಕ್ಕ. “ಹುಟ್ಟು ಎಡಗಡೆ ಇದೆ ಅಂತ ಹೇಳಿ ಅವ್ರಿಗೆ.”

ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಡ್ರೈವರು ಮೇಜು ಗುದ್ದಿದ. ಇಡೀ ದಂಡಿನ ಎದುರು ರಾಜ ಹುಟ್ಟು ಹಾಕುವುದೋ, ಇಲ್ಲ ದಡದಲ್ಲೇ ಬಿಡಾರ ಹೂಡುವುದೋ? ಭಾವನೂ ನಕ್ಕ, ಹುಳ್ಳಗೆ. ಹೊತ್ತಾಯಿತು, ಮುಂದಿನ ವಾರ ನೋಡೋಣ ಎಂದು ಎದ್ದ.

ಮುಂದಿನ ವಾರ ಭಾವನ ಕೈಯಿಂದ ಚಹಾದ ಕಪ್ಪು ಉರುಳಿತು. ತುಂಬಿದ ಕಪ್ಪು. ಸರಿಯಾಗಿ ಅಂಬಿಗಿತ್ತಿಯ ಕಡವಿನ ಮೇಲೆ. ಚಹಾ ಚೆಲ್ಲಿದರೆ ಯಾರಾದರೂ ಮೊದಲು ಒರೆಸುವ ಬಟ್ಟೆಗೆ ಕೈ ಚಾಚುತ್ತಾರೆ; ಭಾವ ಗೋಡೆಯ ಕಡೆ ಕೈ ಚಾಚಿದ. ನಕ್ಷೆಯ ಮೇಲೆ ಬಿದ್ದದ್ದು ರಾಜ್ಯದೊಳಗೆ ಬಿದ್ದ ಹಾಗೆ, ಇದು ಪ್ರವಾಹ ಎಂದ. ದೋಣಿಗಳೆಲ್ಲ ಹೋದವು. ಅಂಬಿಗಿತ್ತಿ ಈಜಿ ಬದುಕುತ್ತಾಳೋ ನೋಡಲು ಒಂದು ದಾಳ ಕೊಡಿ ಎಂದು ಡ್ರೈವರು ಕೇಳಿದ. ಭಾವ ಸುಟ್ಟ ಅಂಗಡಿಯವರ ಜೊತೆ ಮಾತಾಡುವ ದನಿಯಲ್ಲಿ, ಪ್ರಕೃತಿ ವಿಕೋಪಕ್ಕೆ ದಾಳ ಇರುವುದಿಲ್ಲ, ತುಂಬಾ ಬೇಸರವಾಗುತ್ತದೆ ಎಂದ.

ಸೋಫಾ ಅಕ್ಕ ಎದ್ದು ಒಲೆಯ ಹತ್ತಿರ ಹೋದಳು.

ಅವತ್ತು ಅವಳಿಗೆ ಬೇಸರವಾಯಿತೇ ಹೊರತು ಸಿಟ್ಟು ಬರಲಿಲ್ಲ. ಕಪ್ಪು ಯಾರ ಕೈಯಿಂದಲೂ ಜಾರಬಹುದು. ಆದರೆ ವಾರಗಳು ಕಳೆದವು, ಯಾರೂ ಸಾಯಲಿಲ್ಲ. ಭಾವ ಉಳಿದಿಬ್ಬರನ್ನು ಎಷ್ಟು ಜೋಪಾನ ಮಾಡಿದನೆಂದರೆ, ಸವಾರ ಕುದುರೆಯಿಂದ ಬಿದ್ದಲ್ಲೆಲ್ಲ ಹುಲ್ಲಿನ ಬಣವೆ ಇರುತ್ತಿತ್ತು. ಅವಳ ಅಂಗಡಿಯಲ್ಲಿ, ಅವಳ ಮೇಜಿನ ಸುತ್ತ, ಅವಳು ಹೊಲಿದ ಮೆತ್ತೆಗಳ ಮೇಲೆ ಮೂವರು ಕೂತು ಕಥೆ ಕಟ್ಟುತ್ತಿದ್ದರು. ಅವಳು ಮೂಲೆಯಲ್ಲಿ ನಿಂತು ಹಾಲು ಉಕ್ಕದಂತೆ ಕಾಯುತ್ತಿದ್ದಳು. ವಾರವಿಡೀ ಮೊಳೆ ಕಚ್ಚಿದ ಬಾಯಿಗೆ ಮಾತಿನ ರುಚಿ ಸಿಗುತ್ತಿದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ. ಈಗ ಅಲ್ಲೂ ಆಡಲು ಅನುಮತಿ ಇದ್ದದ್ದು ಸಕ್ಕರೆ ಎಷ್ಟು ಎಂಬ ಒಂದು ಮಾತಿಗೆ. ಅವಳಿಗೆ ಬೇಕಿದ್ದದ್ದು ಮೇಜಿನ ಬಳಿ ಒಂದು ಕುರ್ಚಿ. ಅದು ಸಿಗಲು ಯಾರಾದರೂ ಸಾಯಬೇಕಿತ್ತು.

ಯಾರು ಸಾಯಬೇಕು ಎಂಬುದನ್ನು ಭಾವ ತಾನೇ ಹೇಳಿಕೊಟ್ಟ. ಆಟದ ನಡುವಿನ ಬಿಡುವಿನಲ್ಲಿ ಚಹಾ ಹೀರುತ್ತ, ತನ್ನ ಕಸುಬಿನ ಚಾಣಾಕ್ಷತನ ಕೊಚ್ಚಿಕೊಳ್ಳುತ್ತಿದ್ದ. ಯಾವನೋ ಬಟ್ಟೆ ಅಂಗಡಿಯವನು ತಾನೇ ಬೆಂಕಿ ಹಚ್ಚಿಕೊಂಡು ಪರಿಹಾರ ಕೇಳಿದ್ದನಂತೆ. ತಂತಿ ಸುಟ್ಟದ್ದು, ಬೀಗ ಮುರಿದದ್ದು ಎಲ್ಲ ಸರಿಯಾಗೇ ಇತ್ತಂತೆ. ಹೇಗೆ ಗೊತ್ತಾಯಿತು ಎಂದು ಡಾಕ್ಟರು ಕೇಳಿದರು.

“ಗೋಡೆ ಮೇಲೆ ಅವರಮ್ಮನ ಫೋಟೋ ಇರ್ಬೇಕಿತ್ತು, ಮೊಳೆ ಮಾತ್ರ ಇತ್ತು” ಎಂದ ಭಾವ. “ತಾನೇ ಬೆಂಕಿ ಹಚ್ಚೋನು ಇಷ್ಟವಾದದ್ದನ್ನ ಮೊದ್ಲೇ ಹೊರಗಿಟ್ಟಿರ್ತಾನೆ. ನಾನು ಬೇರೇನೂ ನೋಡೋದೇ ಇಲ್ಲ, ಡಾಕ್ಟ್ರೇ. ಅದೊಂದೇ ನೋಡೋದು.”

ಸೋಫಾ ಅಕ್ಕ ಆಗ ಕಪ್ಪು ತೊಳೆಯುತ್ತಿದ್ದಳು. ಕೈ ನಿಂತಿತು. ಚಹಾ ಚೆಲ್ಲಿದ ದಿನ ಅವಳ ಕಣ್ಣ ಮುಂದೆ ಬಂತು. ದಂಡೆಲ್ಲ ದಡದ ಮೇಲಿತ್ತು, ಸೈನಿಕರು ಚಹಾದಲ್ಲಿ ತೇಲಿದರು, ಸೀಸದ ಕುದುರೆಗಳ ಬಣ್ಣ ಬಿಟ್ಟಿತು. ಕೆಂಪು ನಿಲುವಂಗಿಯ ರಾಜ ಮಾತ್ರ ಅಲ್ಲಿರಲಿಲ್ಲ. ರಾಜ ಎಲ್ಲಿ ಎಂದು ಆಟದ ಮೊದಲೇ ಅವಳು ಕೇಳಿದ್ದಳು. ಬಣ್ಣ ಹಸಿ ಇದೆ, ಗಾಳಿಗೆ ಇಟ್ಟಿದ್ದೇನೆ ಎಂದಿದ್ದ. ರಾಜ ಕಿಟಕಿ ಕಟ್ಟೆಯ ಮೇಲೆ, ಒಣಗಿಕೊಂಡು, ಮೀಸೆ ತಿರುವಿಕೊಂಡು ನಿಂತಿದ್ದ.

ಅವಳು ಕಪ್ಪನ್ನು ಒರೆಸಿ ಬೋರಲು ಇಟ್ಟು, ಗೋಡೆಯ ಕಡೆ ತಿರುಗಿಕೊಂಡು ತಲೆಯಾಡಿಸಿದಳು.

ಆಮೇಲಿನದ್ದಕ್ಕೂ ಭಾವನೇ ದಾರಿ ಮಾಡಿಕೊಟ್ಟ. ಚಹಾ ಕುಡಿದ ಕ್ಯಾನ್ವಾಸು ಒಣಗುತ್ತ ಮುದುರಿತ್ತು. ಸುಕ್ಕು ಹೊಳೆಯಿಂದ ಹರಿದು ರಾಜಧಾನಿಯ ಕೋಟೆಯವರೆಗೆ ಬಂದಿತ್ತು. ವಾರದ ಮಧ್ಯೆ ಬಂದು, ಇದನ್ನು ಬಿಚ್ಚಿ ಸರಿಯಾಗಿ ಎಳೆದು ಕೊಡು ಎಂದ. ಸತ್ತವರ ಬಾಯಿಗೆ ಬೀಗ ಇದ್ದದ್ದು ಭಾನುವಾರ ಮಾತ್ರ. ಅವಳು ಮೊಳೆಗಳನ್ನು ಅಂಗೈಗೆ ಉಗುಳಿ ಕೇಳಿದಳು.

“ಬಿಚ್ಚಿದ ಮೇಲೆ ರಾಜಧಾನೀನ ಸ್ವಲ್ಪ ಎತ್ತರ ಮಾಡ್ಲಾ, ಭಾವ? ರಾಜ ಇರೋ ಜಾಗ, ಸುತ್ತಲಿನ ಹಳ್ಳಿಗಳ ಸಮಕ್ಕೆ ಇದ್ರೆ ಏನು ಚೆಂದ.”

ಭಾವನ ಮುಖ ಅರಳಿತು. ಕೊನೆಗೂ ಈ ಮೇಜಿನಲ್ಲಿ ಒಬ್ಬರಿಗಾದರೂ ರಾಜಮರ್ಯಾದೆ ಗೊತ್ತಾಯಿತು ಎಂದ. ಕೋಟೆ ಇನ್ನೂ ಸ್ವಲ್ಪ ಮೇಲೆ ಬಂದರೂ ಅಡ್ಡಿಯಿಲ್ಲ ಎಂದು ಕೈಯಲ್ಲೇ ಅಳತೆ ತೋರಿಸಿದ.

ಅವಳು ಅಳತೆಗೆ ಸರಿಯಾಗಿ ಗುಡ್ಡ ಕಟ್ಟಿದಳು. ಅಡಿಗೆ ಗಟ್ಟಿ ನಾರು, ಮೇಲೆ ಒಳ್ಳೆಯ ಉಣ್ಣೆ, ನಡುವೆ ಒಂದು ಚೀಲದಷ್ಟು ಪೊಳ್ಳು. ಆ ಪೊಳ್ಳಿನ ಬಾಯಿ ಮೇಜಿನ ಅಂಚಿಗೆ, ಒಲೆಯ ಕಡೆ, ಕ್ಯಾನ್ವಾಸಿನ ಮಡಿಕೆಯ ಕೆಳಗೆ. ಮೂರು ಪ್ರೆಸ್ ಬಟನ್ನು ಹಾಕಿ ಮುಚ್ಚಿದಳು. ಬೆನ್ನುನೋವಿಗೆ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲ ಒಳಗೆ ನುಣ್ಣಗೆ ಜಾರಿ ಕೂರುತ್ತಿತ್ತು. ಅವಳ ಕೈಯ ಕೆಲಸಗಳಲ್ಲೇ ಅಷ್ಟು ಪ್ರೀತಿಯಿಂದ ಮಾಡಿದ್ದು ಇನ್ನೊಂದಿರಲಿಲ್ಲ, ಮ್ಯಾನೇಜರನ ಸೋಫಾ ಬಿಟ್ಟರೆ.

ಇನ್ನು ಬೇಕಿದ್ದದ್ದು ಬೆಕ್ಕು. ಪಕ್ಕದ ಲಾಂಡ್ರಿಯಲ್ಲಿ ಒಂದು ಇತ್ತು. ಬೂದು ಬಣ್ಣದ್ದು, ತಲೆದಿಂಬಿನಷ್ಟು ದಪ್ಪ, ಯಾರಿಗೂ ಸೊಪ್ಪು ಹಾಕದ್ದು. ಹುಟ್ಟಿದಂದಿನಿಂದ ಇಸ್ತ್ರಿಯಾದ ಬಿಸಿ ಬಿಸಿ ಬಟ್ಟೆಯ ರಾಶಿಯ ಮೇಲೇ ಮಲಗಿದ ಪ್ರಾಣಿ. ತಣ್ಣನೆಯ ಜಾಗದಲ್ಲಿ ಕೂರುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ತಿಳಿದಿತ್ತು. ಅಂಗಿಗಳಿಂದ ಕಳಚಿಬಿದ್ದ ಗುಂಡಿಗಳನ್ನು ಪಂಜದಿಂದ ಹೊಡೆದು ಮೆಟ್ಟಿಲಿನಿಂದ ಕೆಳಗೆ ಉರುಳಿಸುವುದು ಅದಕ್ಕೆ ಇದ್ದ ಒಂದೇ ಕಾಯಕ. ಮಧ್ಯಾಹ್ನದ ಹೊತ್ತು ನಿನ್ನ ಬೆಕ್ಕನ್ನು ಈ ಕಡೆ ಬಿಡುತ್ತೀಯಾ ಎಂದು ಕೇಳಿದಾಗ ಇಸ್ತ್ರಿಯವಳು, ಮಧ್ಯಾಹ್ನ ಯಾಕೆ, ಪೂರ್ತಿ ಇಟ್ಟುಕೋ, ನನ್ನ ಗಿರಾಕಿಗಳ ಕಪ್ಪು ಪ್ಯಾಂಟುಗಳೆಲ್ಲ ಇದರ ಕೂದಲಿಗೆ ಬೂದು ಬಣ್ಣವಾಗುತ್ತಿವೆ ಎಂದಳು.

ವಾರದ ದಿನಗಳಲ್ಲಿ ಗುಡ್ಡ ಬಿಸಿಯಾಯಿತು. ಬೆಕ್ಕು ಬಂತು, ಮೂಸಿತು, ಮೂರು ಸುತ್ತು ಹಾಕಿ ಕೋಟೆಯ ಮೇಲೆ ದೊಪ್ಪನೆ ಬಿತ್ತು. ಸೋಫಾ ಅಕ್ಕ ಮೇಜಿನ ಆಚೆಯಿಂದ ಒಂದು ಗುಂಡಿ ಉರುಳಿಸಿದಳು. ಬೆಕ್ಕು ಕಣ್ಣು ಪೂರ್ತಿ ತೆರೆಯದೆ, ಪಂಜದಿಂದ ಒಂದು ಬಾರಿಸಿ ನೆಲಕ್ಕೆ ಕೆಡವಿತು. ಅವಳು ಇನ್ನೊಂದು ಉರುಳಿಸಿದಳು. ಭಾನುವಾರ ಬಂದಾಗ ಹಿಂಬಾಗಿಲು ಹಾಕಿರುತ್ತಿದ್ದಳು, ಗುಡ್ಡ ತಣ್ಣಗಿರುತ್ತಿತ್ತು. ಅವಸರ ಇರಲಿಲ್ಲ. ದಿನವಿಡೀ ಸ್ಪ್ರಿಂಗು ಕಟ್ಟುವವರಿಗೆ ಒತ್ತಿಟ್ಟದ್ದನ್ನು ಒತ್ತಿ ಇಟ್ಟುಕೊಂಡಿರುವುದು ಗೊತ್ತು.

ಭಾವ ತಾನಾಗಿ ದಿನ ಗೊತ್ತುಮಾಡಿದ. ರಾಜ ಪಟ್ಟಕ್ಕೆ ಬಂದ ವರ್ಧಂತಿಯಂತೆ, ರಾಜಧಾನಿಯಲ್ಲಿ ಮೆರವಣಿಗೆಯಂತೆ. ಅವತ್ತು ಭಾವ ಹೊಸ ಅಂಗಿ ತೊಟ್ಟು ಬಂದಿದ್ದ. ರಾಜನನ್ನು ಗುಡ್ಡದ ತುತ್ತತುದಿಗೆ ನಿಲ್ಲಿಸಿ, ಒರಟನನ್ನೂ ಸವಾರನನ್ನೂ ಕೋಟೆ ಬಾಗಿಲ ಹೊರಗೆ ಸಾಲಿನಲ್ಲಿ ಕಾಯಿಸಿ, ಭಾಷಣ ಶುರುಮಾಡಿದ. ಸೂತ್ರಧಾರನೇ ಭಾಷಣಕಾರನಾದರೆ ತಡೆಯುವವರು ಯಾರು. ಡಾಕ್ಟರು ಆಕಳಿಸಿದರು, ಅದು ಒರಟನ ಆಕಳಿಕೆ ಎಂದು ಲೆಕ್ಕಕ್ಕೆ ಬಂದು, ರಾಜದ್ರೋಹದ ಎಚ್ಚರಿಕೆ ಸಿಕ್ಕಿತು.

ಸೋಫಾ ಅಕ್ಕ ಕೆಟಲ್ ತುಂಬ ನೀರು ಕಾಯಿಸಿದಳು. ಮೊದಲ ಪಾಲು ರಬ್ಬರ್ ಚೀಲಕ್ಕೆ, ಎರಡನೆಯದು ಚಹಾಕ್ಕೆ. ಮೇಜಿಗೆ ಬೆನ್ನು ಮಾಡಿ, ಮಡಿಕೆ ಸರಿಸಿ, ಚೀಲ ತುರುಕಿ, ಬಟನ್ನು ಒತ್ತಿದಳು. ಹಿಂಬಾಗಿಲ ಅಗುಳಿ ತೆಗೆದಳು. ಬಣ್ಣಗೆಟ್ಟ ತಗಡಿನ ಲೋಟಗಳಿಗೆ ಚಹಾ ಬಗ್ಗಿಸಿ ಎಲ್ಲರ ಕೈಗೆ ಕೊಟ್ಟಳು.

ಬೆಕ್ಕು ಯಾರ ಮುಖವನ್ನೂ ನೋಡದೆ ಬಂತು. ಕುರ್ಚಿಯಿಂದ ಮೇಜಿಗೆ ಹಾರಿತು. ಹಳ್ಳಿಗಳನ್ನು ತುಳಿದು, ಕಾಡು ದಾಟಿ, ಮೆರವಣಿಗೆಯ ನಡುವೆ ನಡೆದು, ಗುಡ್ಡದ ಮೇಲೆ ಮೂರು ಸುತ್ತು ಹಾಕಿ ದೊಪ್ಪನೆ ಬಿತ್ತು. ರಾಜ ಅದರ ಹೊಟ್ಟೆಯಡಿಗೆ ಹೋದ. ಭಾಷಣ ನಿಂತಿತು.

ಭಾವ ಅದನ್ನು ಎತ್ತಲು ಹೋದ. ಡ್ರೈವರು ಅವನ ಮಣಿಕಟ್ಟು ಹಿಡಿದುಕೊಂಡು ಗೋಡೆ ತೋರಿಸಿದ. ನಕ್ಷೆಯ ಮೇಲೆ ಬಿದ್ದದ್ದು ರಾಜ್ಯದೊಳಗೆ ಬಿದ್ದ ಹಾಗೆ.

ಭಾವ ಕನ್ನಡಕ ಸರಿಮಾಡಿಕೊಂಡು ವೃತ್ತಿಗೆ ಇಳಿದ. ಬೆಕ್ಕು ಬಿದ್ದದ್ದಲ್ಲ, ಹತ್ತಿದ್ದು. ಹತ್ತಿದ್ದಕ್ಕೆ ಕಟ್ಟಳೆ ಇಲ್ಲ ಎಂದ. ಹತ್ತಿದ್ದು ಮೇಜಿಗೆ, ರಾಜಧಾನಿಯ ಮೇಲೆ ಬಿದ್ದೇ ಬಿತ್ತು, ದೊಪ್ಪೆಂದದ್ದನ್ನು ಎಲ್ಲರೂ ಕೇಳಿದ್ದೇವೆ ಎಂದರು ಡಾಕ್ಟರು. ಹಾಲು ಹೊತ್ತು ಹೊತ್ತು ಅವರಿಗೂ ಸಾಕಾಗಿತ್ತು. ಜೀವ ಇರುವ ವಸ್ತುವಿಗೆ ಇದು ಅನ್ವಯಿಸುವುದಿಲ್ಲ ಎಂದ ಭಾವ. ಹಾಗೆಂದು ಎಲ್ಲಿ ಬರೆದಿದೆ ಎಂದ ಡ್ರೈವರು. ಭಾವ ಗೋಡೆಯ ತುಂಡುಗಳನ್ನೆಲ್ಲ ಒಂದೊಂದಾಗಿ ಓದಿದ. ನನಗೂ ಸೇರಿ ಎಂದು ತಾನೇ ಆಡಿದ ಮಾತೂ ಅಲ್ಲಿ ಕಂಡಿತು. ಆಮೇಲೆ, ಹಾಗಾದರೆ ರಾಜನಿಗೆ ತಪ್ಪಿಸಿಕೊಳ್ಳಲು ಒಂದು ದಾಳವಾದರೂ ಬೇಕು ಎಂದ.

“ಅಕ್ಕಂಗೆ ಕೊಡ್ಲಿಲ್ಲ” ಎಂದರು ಡಾಕ್ಟರು.

“ಇರ್ಲಿ, ಕೊಡೋಣ ಸಾರ್” ಎಂದ ಡ್ರೈವರು. “ನಾವೇನು ವಿಮಾ ಕಂಪನಿಯವ್ರಾ?”

ಒಲೆಯ ಹತ್ತಿರ ಸೋಫಾ ಅಕ್ಕ ಸೌಟು ಹಿಡಿದು ನಿಂತಿದ್ದಳು.

ಭಾವ ದಾಳವನ್ನು ಅಂಗೈಯಲ್ಲಿ ಕುಲುಕಿ, ಜೋಪಾನವಾಗಿ, ಮೆಲ್ಲಗೆ ಉರುಳಿಸಿದ. ಒಳ್ಳೆಯ ದಾಳ. ಅದು ಹೊಳೆ ದಾಟಿ, ಕೋಟೆಯ ಬುಡದಲ್ಲಿ ನಿಧಾನವಾಗಿ, ದೊಡ್ಡ ಅಂಕಿಯ ಕಡೆಗೇ ವಾಲುತ್ತಿತ್ತು. ಬೆಕ್ಕು ಒಂದು ಕಣ್ಣನ್ನು ಅರ್ಧ ತೆರೆಯಿತು. ಪಂಜ ಹೊರಬಂತು. ದಾಳ ಮೇಜಿನ ಅಂಚು ದಾಟಿ ನೆಲಕ್ಕೆ ಬಿದ್ದು, ಮ್ಯಾನೇಜರನ ಸೋಫಾದ ಅಡಿ ಸೇರಿತು.

ದಾಳ ಬಿದ್ದರೆ ಪಾತ್ರವೂ ತಾನಿರುವ ಜಾಗದಿಂದ ಬೀಳಬೇಕು. ರಾಜ ಇದ್ದದ್ದು ಗುಡ್ಡದ ತುತ್ತತುದಿಯಲ್ಲಿ. ಅಷ್ಟು ಎತ್ತರ ಬೇಕೆಂದು ಕೈಯಲ್ಲಿ ಅಳತೆ ತೋರಿಸಿದವನು ಭಾವನೇ. ಕೆಳಗೆ ಹುಲ್ಲಿನ ಬಣವೆ ಇದೆಯೇ ಎಂದು ಡ್ರೈವರು ಬಗ್ಗಿ ಹುಡುಕಿದ ಹಾಗೆ ಮಾಡಿದ. ಇರಲಿಲ್ಲ, ರಾಜ ಸತ್ತ.

ಭಾವ ಕೂತೇ ಇದ್ದ. ನಷ್ಟದ ಜಾಗ ನೋಡುವವನ ಕಣ್ಣು ಅಭ್ಯಾಸಬಲದಿಂದ ಸುತ್ತ ಹೋಯಿತು. ಬೆಕ್ಕು. ತೆರೆದ ಹಿಂಬಾಗಿಲು. ಗುಡ್ಡ. ಅಂಗೈಯನ್ನು ಗುಡ್ಡದ ಬದಿಗೆ ಒತ್ತಿ ನೋಡಿದ. ಬೆಚ್ಚಗಿತ್ತು, ಅದು ಬೆಕ್ಕಿನ ಬಿಸಿಯೂ ಇರಬಹುದು. ಆಮೇಲೆ ತನ್ನ ಕೈಯಲ್ಲಿದ್ದ ತಗಡಿನ ಲೋಟ ನೋಡಿದ. ಪ್ರತಿ ಭಾನುವಾರ ಮೇಜಿನ ಮೇಲೆ ಇರುತ್ತಿದ್ದದ್ದು ಹೂವಿನ ಚಿತ್ರದ ಪಿಂಗಾಣಿ ಕಪ್ಪುಗಳು, ಅವಳು ಯಾರಿಗೂ ತೊಳೆಯಲು ಕೂಡ ಕೊಡದವು.

“ಇವತ್ತು ಒಳ್ಳೆ ಕಪ್ಪುಗಳು ಎಲ್ಲಿ?” ಎಂದು ಕೇಳಿದ, ಬಹಳ ಮೆಲ್ಲಗೆ.

ಕಪ್ಪಿನ ಮಾತು ಚಹಾದ ಮಾತು. ಸತ್ತವರು ಆಡಬಹುದು.

“ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೀನಿ, ಭಾವ” ಎಂದಳು ಸೋಫಾ ಅಕ್ಕ. “ಅವತ್ತು ನೀವು ರಾಜನ್ನ ಒಣಗಿಸೋಕೆ ಇಟ್ಟಿದ್ರಲ್ಲ, ಅದೇ ಜಾಗದಲ್ಲಿ.”

ಭಾವ ಬಾಯಿ ತೆರೆದ. ಬೆಕ್ಕನ್ನು ನೀನೇ ಕರೆಸಿದ್ದು ಎನ್ನಬೇಕಾದರೆ, ಕಪ್ಪು ಎತ್ತಿಟ್ಟದ್ದೇ ಅದಕ್ಕೆ ಸಾಕ್ಷಿ ಎನ್ನಬೇಕು. ಹಾಗೆ ಅಂದರೆ ಅವತ್ತಿನ ರಾಜನ ಬಗ್ಗೆ ಡಾಕ್ಟರೂ ಡ್ರೈವರೂ ಕೇಳುತ್ತಾರೆ. ತಾನೇ ಹೇಳಿಕೊಟ್ಟ ಪಾಠ, ಇಬ್ಬರೂ ಚಹಾ ಹೀರುತ್ತ ಕೇಳಿಸಿಕೊಂಡಿದ್ದರು. ಅವನು ಬಾಯಿ ಮುಚ್ಚಿದ. ಇಷ್ಟು ವರ್ಷ ಸುಟ್ಟ ಅಂಗಡಿಯವರು ಅವನೆದುರು ಬಾಯಿ ಮುಚ್ಚಿಕೊಂಡದ್ದು ಹೀಗೇ ಇರಬೇಕು. ಹೊಸ ಅಂಗಿಯ ತೋಳು ಮಡಿಸಿಕೊಂಡು ಒಲೆಯ ಕಡೆ ನಡೆದ.

“ಚಹಾಪುಡಿ ಎಲ್ಲಿದೆ?” ಎಂದು ಕೇಳಿದ. ಅದಕ್ಕೆ ಅನುಮತಿ ಇತ್ತು.

ಸೋಫಾ ಅಕ್ಕ ಸೂತ್ರಧಾರನ ಕುರ್ಚಿಯಲ್ಲಿ ಕೂತಳು. ಅದರ ಮೆತ್ತೆ ಭಾವನ ಭಾರಕ್ಕೆ ಎಡಕ್ಕೆ ತಗ್ಗಿತ್ತು. ನಾಳೆಯೇ ಬಿಚ್ಚಿ ಬೇರೆ ತುಂಬಬೇಕು ಎಂದುಕೊಂಡಳು. ಡಾಕ್ಟರು, ಡ್ರೈವರು ಮುಂದಕ್ಕೆ ಬಾಗಿದರು. ಅವತ್ತು ಚಹಾ ಚೆಲ್ಲಿ ಹೊಳೆಯ ಜಾಗದಲ್ಲಿ ಆದ ಕೆರೆಯನ್ನು ಬತ್ತಿಸಿಬಿಡುತ್ತೀರಾ, ಹೊಳೆ ಮೊದಲಿನಂತೆ ಆಗುತ್ತದೆ ಎಂದು ಡಾಕ್ಟರು ಕೇಳಿದರು. ಅವಳು ಬೇಡ ಎಂದಳು. ಕೆರೆ ಇರಲಿ. ಕೆರೆಯ ನಡುವೆ ಮಂಜಿನೊಳಗಿನಿಂದ ಒಂದು ದೋಣಿ ಬರುತ್ತಿದೆ ಎಂದು ಶುರುಮಾಡಿದಳು. ಎಷ್ಟೋ ವಾರಗಳ ಮಾತು ಒಳಗಿತ್ತು, ಸರಾಗವಾಗಿ ಬಂತು. ದೋಣಿಯಲ್ಲಿ ಅಂಬಿಗರಿಲ್ಲ. ಹುಟ್ಟು ಹಾಕುತ್ತಿರುವುದು ಒಂದು ದೆವ್ವ. ಕೆಂಪು ನಿಲುವಂಗಿ, ಮೀಸೆ. ದಾಟುವವರು ಯಾರೇ ಬರಲಿ, ಕುರಿ ಬರಲಿ ಕೋಳಿ ಬರಲಿ, ಅದು ಹಾಕುತ್ತಲೇ ಇರಬೇಕು. ಸವಾರ ಕೂಡಲೇ ದೋಣಿ ಹತ್ತಿದ, ಅಗತ್ಯವಿಲ್ಲದಿದ್ದರೂ ಆಚೆ ಹೋಗಿ ಈಚೆ ಬಂದ. ಒರಟ ಹಾಲಿನ ಸಮೇತ ಹತ್ತಿದ.

ಒಲೆಯ ಕಡೆಯಿಂದ, ಸತ್ತವರು ಚಹಾ ಮಾಡಬೇಕು ಎಂದಷ್ಟೇ ಕಟ್ಟಳೆ, ಹುಟ್ಟು ಹಾಕಬೇಕು ಎಂದಿಲ್ಲ ಎಂಬ ಗೊಣಗು ಕೇಳಿತು. ಡ್ರೈವರು ತಿರುಗಿಯೂ ನೋಡದೆ, ಸತ್ತವರು ಆಟದ ಮಾತಾಡುವಂತಿಲ್ಲ ಎಂದ.

ಭಾವನ ಚಹಾ ಬಂತು. ಅವಳು ಕಿಟಕಿಯಿಂದ ತನ್ನ ಕಪ್ಪು ತರಿಸಿಕೊಂಡು ಕುಡಿದಳು. ಅವಳ ಚಹಾಕ್ಕಿಂತ ಚೆನ್ನಾಗಿತ್ತು. ಸಾಯುವವರೆಗೂ ಅದನ್ನು ಯಾರಿಗೂ ಹೇಳಬಾರದು ಎಂದು ಅಲ್ಲೇ ನಿರ್ಧರಿಸಿ, ಸ್ವಲ್ಪ ನೀರಾಯಿತು ಎಂದಳು.

ಕೆಲವು ವಾರಗಳಾದ ಮೇಲೆ ಅವಳ ಅಕ್ಕ ಅಂಗಡಿಗೆ ಬಂದಳು. ಭಾವ ಮನೆಯಲ್ಲಿ ಮುಖ ಊದಿಸಿಕೊಂಡಿದ್ದಾನೆ, ರಾಜನಿಗೆ ಹೊಸದಾಗಿ ಬಣ್ಣ ಹಾಕಿ ಬೀರುವಿನೊಳಗೆ ಇಟ್ಟಿದ್ದಾನೆ, ಏನು ನಡೆಯಿತು ಎಂದು ಕೇಳಿದಳು. ಸೋಫಾ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿನಗೆ ಬೇಜಾರಾದರೆ ಒಂದು ಮಾತು ಹೇಳು, ಮುಂದಿನ ವಾರ ಸವಾರನನ್ನು ಹಾವಿಗೆ ಕಚ್ಚಿಸಿ ಭಾವನನ್ನು ಬದುಕಿಸುತ್ತೇನೆ ಎಂದೂ ಹೇಳಿದಳು. ಒಡಹುಟ್ಟಿದವಳಿಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಅಕ್ಕ ಬೆಕ್ಕನ್ನು ಸರಿಸಿ ಮ್ಯಾನೇಜರನ ಸೋಫಾದ ಮೇಲೆ ಕೂತಳು.

“ನೀನು ನೀರಾಯ್ತು ಅಂದ್ಯಂತಲ್ಲ. ಅವತ್ತಿಂದ ದಿನಾ ಬೆಳಗ್ಗೆ ಎದ್ದು ಅಭ್ಯಾಸ ಮಾಡ್ತಾರೆ. ಮದುವೆಯಾದಾಗಿಂದ ಅಡುಗೆಮನೆ ದೀಪದ ಸ್ವಿಚ್ಚು ಯಾವುದು ಅಂತ ಗೊತ್ತಿರ್ಲಿಲ್ಲ ಕಣೇ ಈ ಮನುಷ್ಯಂಗೆ” ಎಂದಳು. “ಇನ್ನೊಂದಷ್ಟು ದಿನ ಸತ್ತಿರ್ಲಿ ಬಿಡು.”

ಸೋಫಾ ಅಕ್ಕನ ಬಾಯಲ್ಲಿ ಮೊಳೆಗಳಿದ್ದವು. ತಲೆಯಾಡಿಸಿದಳು.